ಬೋರ್ಡಿನಲ್ಲಿ ಇಲ್ಲದ ತಾರೀಕು

ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದವರು ನಮ್ಮ ಮನೆಗೆ ಹೋಗಬೇಕಾದರೆ ದರ್ಬೆಯಲ್ಲೇ ಇಳಿದುಬಿಡುವುದು ಒಳ್ಳೆಯದು. ಸುಬ್ರಹ್ಮಣ್ಯದ ಕಡೆಗೆ ಹೋಗುವ ರಸ್ತೆ ಅಲ್ಲಿಂದಲೇ ಕವಲೊಡೆಯುತ್ತದೆ. ಕಳೆದ ಸಲ ಇಳಿದಾಗ ಬೆಳಗ್ಗೆ ಆರೂವರೆ, ಎದುರಿಗೇ ಒಂದು ಫ್ಲೆಕ್ಸ್. ಯಾವುದೋ ಹೊಳೆಗೆ ಕಿಂಡಿ ಅಣೆಕಟ್ಟು ಮಂಜೂರು ಮಾಡಿಸಿಕೊಟ್ಟವರಿಗೆ ಅಭಿನಂದನೆ, ಇಷ್ಟು ಕೋಟಿ, ಕೃಷಿಕರ ಬಹುದಿನಗಳ ಕನಸು ನನಸು. ನೀರು ಯಾವ ತಾರೀಕಿನವರೆಗೆ ಸಿಗುತ್ತದೆ ಅಂತ ಮಾತ್ರ ಎಲ್ಲೂ ಇರಲಿಲ್ಲ. ಫ್ಲೆಕ್ಸಿನಲ್ಲಿ ಅದನ್ನೆಲ್ಲ ಯಾರು ಹಾಕ್ತಾರೆ ಅಂತ ನೀವು ಕೇಳಬಹುದು, ಸರಿ. ಆದರೆ ನಮ್ಮ ತೋಟದ ಕೆಳಗಡೆ ಕಟ್ಟಿ ಮುಗಿಸಿದ ಅಣೆಕಟ್ಟು ಒಂದಿದೆ, ಅದರ ಬೋರ್ಡಿನಲ್ಲೂ ಆ ತಾರೀಕು ಇಲ್ಲ. ಅಂದಾಜು ಮೊತ್ತ ಇದೆ, ಅಚ್ಚುಕಟ್ಟು ಎಷ್ಟು ಹೆಕ್ಟೇರ್ ಅಂತ ಇದೆ, ಶೇಖರಣಾ ಸಾಮರ್ಥ್ಯ ಅಂತಲೂ ಒಂದು ಸಂಖ್ಯೆ ಇದೆ. ಈ ಅಂಕಣದಲ್ಲಿ ನಾನು ಸಾಮಾನ್ಯವಾಗಿ ಸಿನಿಮಾ, ಪುಸ್ತಕ ಅಂತ ಏನಾದರೂ ವಿಮರ್ಶೆ ಮಾಡ್ತೇನೆ. ಈ ವಾರ ಆ ಬೋರ್ಡನ್ನು ಮಾಡ್ತೇನೆ.

ಘಟ್ಟದ ಮೇಲಿನವರಿಗೆ ಒಂದು ಮಾತು. ಕಿಂಡಿ ಅಣೆಕಟ್ಟು ಅಂದರೆ ಕೆಆರ್‌ಎಸ್ ಥರದ್ದಲ್ಲ. ಹೊಳೆಗೆ ಅಡ್ಡವಾಗಿ ಸಾಲು ಕಂಬ, ಕಂಬಗಳ ನಡುವೆ ಕಿಂಡಿ. ಮಳೆಗಾಲದಲ್ಲಿ ಕಿಂಡಿಗಳು ಖಾಲಿ, ಹೊಳೆ ತನ್ನ ಪಾಡಿಗೆ ಹರಿದುಹೋಗುತ್ತದೆ. ಮಳೆ ನಿಂತು ಹರಿವು ಇಳಿದ ಮೇಲೆ, ನವೆಂಬರ್ ಕೊನೆ ಅಥವಾ ಡಿಸೆಂಬರಿನಲ್ಲಿ, ಕಿಂಡಿಗಳಿಗೆ ಹಲಗೆ ಇಳಿಸುತ್ತಾರೆ. ಮೊದಲು ಮರದ್ದಿತ್ತು, ಈಗ ಫೈಬರ್‌ನದ್ದೂ ಬಂದಿದೆ. ನೀರು ನಿಲ್ಲುತ್ತದೆ. ಮುಂಗಾರು ಶುರುವಾಗುವ ಮೊದಲು ಹಲಗೆ ತೆಗೆಯಬೇಕು, ಇಲ್ಲದಿದ್ದರೆ ಮೊದಲ ನೆರೆಗೆ ಬಂದ ಮರಮಟ್ಟು ಸಿಕ್ಕಿಹಾಕಿಕೊಂಡು ನೀರು ಪಕ್ಕದ ತೋಟ ಕೊರೆದುಕೊಂಡು ಹೋಗುತ್ತದೆ. ಇಷ್ಟೇ ತಂತ್ರ. ಇಷ್ಟು ಕಡಿದಾದ ನೆಲದಲ್ಲಿ, ಊರು ಮುಳುಗಿಸದೆ ನೀರು ನಿಲ್ಲಿಸುವುದಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ನಾನು ಇದರ ವಿರೋಧಿ ಅಲ್ಲ ಅಂತ ಮೊದಲೇ ಹೇಳಿಬಿಡ್ತೇನೆ. ಅಣೆಕಟ್ಟು ಬಂದ ಮೇಲೆ ನಮ್ಮ ಬಾವಿಯಲ್ಲಿ ಮಾರ್ಚ್ ಕೊನೆಗೂ ನೀರು ನಿಲ್ಲುತ್ತದೆ. ಮೊದಲು ಫೆಬ್ರವರಿಯಲ್ಲಿ ಕೊಡಪಾನದ ತಳ ಕಲ್ಲಿಗೆ ತಾಗುತ್ತಿತ್ತು.

ಆದರೂ ಎಪ್ರಿಲ್ ಬಂತೆಂದರೆ ಮನೆಯಿಂದ ಫೋನು.

"ಎಂತ ಆಯ್ತಪ್ಪ?"

"ಎಂತ ಆಗುದು ಮಾರಾಯ್ತಿ. ಪಂಪು ಗಾಳಿ ಎಳಿತಾ ಉಂಟು."

ಅಣೆಕಟ್ಟಿಗೆ ಮೊದಲೂ ಇದೇ ಮಾತು, ಆಮೇಲೂ ಇದೇ ಮಾತು. ಬದಲಾದದ್ದು ತಿಂಗಳು ಮಾತ್ರ. ಇಷ್ಟು ಕಾಂಕ್ರೀಟು ಹಾಕಿ ನಾವು ಸಂಪಾದಿಸಿದ್ದು ಒಂದೂವರೆ ತಿಂಗಳೋ? ಹಾಗಾದರೆ ಉಳಿದ ನೀರು ಹೋದದ್ದೆಲ್ಲಿಗೆ?

ಮೊಬೈಲಿನ ಕ್ಯಾಲ್ಕುಲೇಟರಿನಲ್ಲೇ ಮಾಡಬಹುದಾದ ಲೆಕ್ಕ ಇದು. ಒಂದು ಅಣೆಕಟ್ಟು ಅಂದುಕೊಳ್ಳಿ, ಹೊಳೆಯ ಅಗಲ 30 ಮೀಟರ್, ಹಲಗೆಯ ಎತ್ತರ 3 ಮೀಟರ್. ಹೊಳೆಯ ತಳ ಕಿಲೋಮೀಟರಿಗೆ 2 ಮೀಟರಿನಷ್ಟು ಇಳಿಜಾರಿದ್ದರೆ ನೀರು ಹಿಂದಕ್ಕೆ ಒಂದೂವರೆ ಕಿಲೋಮೀಟರ್ ನಿಲ್ಲುತ್ತದೆ. ಸೇತುವೆ ಮೇಲೆ ನಿಂತು ನೋಡಿದರೆ ಸಮುದ್ರದ ಹಾಗೆ ಕಾಣುತ್ತದೆ. ಆದರೆ ಅದು ಬೆಣೆಯಾಕಾರ, ಹಲಗೆ ಹತ್ತಿರ ಮೂರು ಮೀಟರ್ ಆಳ, ಹಿಂದೆ ಹೋದ ಹಾಗೆ ಮೊಣಕಾಲುದ್ದ, ಆಮೇಲೆ ಪಾದ ಮುಳುಗುವಷ್ಟು. ಒಟ್ಟು ನೀರು ಸುಮಾರು 67,500 ಘನ ಮೀಟರ್, ಅಂದರೆ 6.75 ಕೋಟಿ ಲೀಟರ್. ಕೋಟಿ ಅಂದ ಕೂಡಲೇ ನಮಗೆ ಸಮಾಧಾನ ಆಗುತ್ತದೆ, ಅದೇ ತೊಂದರೆ.

ಈಗ ಖರ್ಚಿನ ಕಡೆ. ಅಡಿಕೆ ಮರಕ್ಕೆ ಬುಡಕ್ಕೆ ಹಾಯಿಸುವ ಕ್ರಮದಲ್ಲಿ ಒಂದು ಸಲಕ್ಕೆ 200 ಲೀಟರಿನಷ್ಟು ನೀರು, ಬಿರು ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕೊಮ್ಮೆ, ಅಂತ ಸಿಪಿಸಿಆರ್‌ಐಯವರು ಹಿಂದಿನಿಂದಲೂ ಹೇಳುತ್ತಾ ಬಂದಿದ್ದಾರೆ. ಅವರ ಕೇಂದ್ರ ಇಲ್ಲೇ ವಿಟ್ಲದಲ್ಲಿದೆ. ಹನಿ ನೀರಾವರಿ ಆದರೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಎಕರೆಗೆ 550 ಮರ ಇಟ್ಟುಕೊಂಡರೆ ಹಾಯಿಸುವವರಿಗೆ ದಿನದ ಸರಾಸರಿ 22,000 ಲೀಟರ್ ಬೇಕು, ಹನಿಯವರಿಗೆ 11,000. ಆ ಒಂದೂವರೆ ಕಿಲೋಮೀಟರಿನ ಎರಡೂ ದಡದಲ್ಲಿ ಸೇರಿ ನೂರು ಎಕರೆ ತೋಟ ಇದೆ ಅನ್ನಿ. ಹೊಳೆಯ ಹರಿವು ನಿಂತ ದಿನದಿಂದ ಲೆಕ್ಕ ಹಾಕಿದರೆ 6.75 ಕೋಟಿ ಲೀಟರ್ ಬರುವುದು ಮೂವತ್ತು ದಿನ. ಎಲ್ಲರೂ ಹನಿಗೆ ಬಂದರೆ ಎರಡು ತಿಂಗಳು. ಇದರಲ್ಲಿ ಬಿಸಿಲಿಗೆ ಆರುವುದನ್ನೂ ಹಲಗೆಯ ಸಂದಿಯಲ್ಲಿ ಸೋರುವುದನ್ನೂ ನಾನು ಕಳೆದಿಲ್ಲ. ಬಾವಿಗಳ ಕಡೆಗೆ ಇಳಿದು ಭೂಮಿಯಲ್ಲಿ ಉಳಿಯುವುದನ್ನು ಕೂಡಿಸಿಯೂ ಇಲ್ಲ.

ಹರಿವು ಮಾರ್ಚ್ ಮೊದಲ ವಾರ ನಿಂತರೆ ಮೂವತ್ತು ದಿನ ಅಂದರೆ ಎಪ್ರಿಲ್ ಮೊದಲ ವಾರ. ಅಪ್ಪನ ಫೋನು ಬರುವುದು ಆಗಲೇ. ಇದರಲ್ಲಿ ರಹಸ್ಯ ಏನೂ ಇಲ್ಲ, ಬೋರ್ಡಿನಲ್ಲಿ ಬರೆಯಬಹುದಾಗಿದ್ದ ತಾರೀಕು ಅದು.

ಜಲಾಶಯ ಎಷ್ಟು ದೊಡ್ಡದಿರಬೇಕು ಅಂತ ನಿರ್ಧರಿಸುವುದಕ್ಕೆ 1883ರಲ್ಲಿ ರಿಪ್ಲ್ ಅನ್ನುವ ಎಂಜಿನಿಯರ್ ಒಂದು ಸರಳ ವಿಧಾನ ಕೊಟ್ಟ. ಇವತ್ತಿಗೂ ಸಿವಿಲ್ ಓದುವವರು ಅದನ್ನು ಕಲಿಯುತ್ತಾರೆ. ಹೊಳೆಗೆ ಬರುವ ನೀರನ್ನು ತಿಂಗಳು ತಿಂಗಳು ಕೂಡಿಸುತ್ತಾ ಒಂದು ಗೆರೆ, ಬೇಕಾಗುವ ನೀರನ್ನು ಕೂಡಿಸುತ್ತಾ ಇನ್ನೊಂದು ಗೆರೆ. ಬೇಡಿಕೆಯ ಗೆರೆಗಿಂತ ಬರುವ ನೀರು ಅತಿ ಹೆಚ್ಚು ಹಿಂದೆ ಬೀಳುವುದು ಎಷ್ಟೋ, ಅಷ್ಟು ನೀರನ್ನು ನೀವು ಮೊದಲೇ ಕೂಡಿಟ್ಟಿರಬೇಕು. ಇಲ್ಲಿ ಗಮನಿಸಬೇಕಾದ್ದು, ಎರಡನೇ ಗೆರೆ ಇಲ್ಲದೆ ಲೆಕ್ಕವೇ ಹುಟ್ಟುವುದಿಲ್ಲ. ನಮ್ಮ ಹೊಳೆಗಳ ವಿಷಯದಲ್ಲಿ ಆಗುತ್ತಿರುವುದು ಬೇರೆ. ದಡ ಎಲ್ಲಿ ಗಟ್ಟಿ ಇದೆ, ರಸ್ತೆಗೆ ಸೇತುವೆ ಎಲ್ಲಿ ಬೇಕು, ಅನುದಾನ ಎಷ್ಟಿದೆ, ಇವು ಮೂರೂ ಕೂಡಿದ ಜಾಗದಲ್ಲಿ ಎಷ್ಟು ನೀರು ನಿಲ್ಲುತ್ತದೋ ಅದೇ ಸಾಮರ್ಥ್ಯ. ಅಲ್ಲಿ ಎಷ್ಟು ಪಂಪುಗಳಿವೆ, ಯಾವುದಕ್ಕೆ ಹನಿ, ಯಾವುದಕ್ಕೆ ಸ್ಪ್ರಿಂಕ್ಲರ್, ಮೇಲೆ ಗುಡ್ಡಕ್ಕೆ ಎಷ್ಟು ಹೋಗುತ್ತದೆ ಅಂತ ಯಾರೂ ಎಣಿಸಿಲ್ಲ. ನಮ್ಮ ಮನೆಗೆ ಯಾರೂ ಬಂದು ಕೇಳಿಲ್ಲ ಅನ್ನುವುದನ್ನಂತೂ ಖಚಿತವಾಗಿ ಹೇಳಬಲ್ಲೆ.

ಇನ್ನೊಂದು ಸಂಖ್ಯೆ ನನ್ನನ್ನು ಬಹಳ ಕಾಡುತ್ತದೆ. ನಮ್ಮ ದೇಶದ ನೀರಾವರಿ ಯೋಜನೆಗಳಲ್ಲಿ ರೂಢಿಯ ಅಳತೆಗೋಲು ಶೇ. 75 ಅವಲಂಬನೆ. ನಾಲ್ಕು ವರ್ಷದಲ್ಲಿ ಮೂರು ವರ್ಷ ಹೇಳಿದಷ್ಟು ನೀರು ಸಿಕ್ಕರೆ ಯೋಜನೆ ಪಾಸು. 1973ರಲ್ಲಿ ಬಚಾವತ್ ನ್ಯಾಯಮಂಡಳಿ ಕೃಷ್ಣೆಯಲ್ಲಿ 2,060 ಟಿಎಂಸಿ ಇದೆ ಅಂತ ಲೆಕ್ಕ ಹಿಡಿದದ್ದೂ ಈ ಅಳತೆಗೋಲಿನಲ್ಲೇ. ಭತ್ತ, ಜೋಳ, ಕಬ್ಬಿಗೆ ಇದು ನಡೆಯುತ್ತದೆ. ನಾಲ್ಕನೇ ವರ್ಷ ನೀರು ಇಲ್ಲವೆಂದರೆ ಒಂದು ಬೆಳೆ ಹೋಯಿತು, ನಷ್ಟ ಆಯಿತು, ಮುಂದಿನ ವರ್ಷ ಮತ್ತೆ ಬಿತ್ತಬಹುದು. ಅಡಿಕೆಗೆ ಮುಂದಿನ ವರ್ಷ ಬಿತ್ತುವುದು ಅಂತ ಇಲ್ಲ. ಒಂದು ಎಪ್ರಿಲ್–ಮೇ ಒಣಗಿದ ಮರ ಸಾಯದೆ ಉಳಿದರೂ ಎರಡು ಮೂರು ವರ್ಷ ಫಸಲು ಸರಿ ಕೊಡುವುದಿಲ್ಲ. ಎಳೆ ಗಿಡ ಸತ್ತರೆ ಹೊಸದು ಫಸಲಿಗೆ ಬರುವುದಕ್ಕೆ ಐದಾರು ವರ್ಷ. ನಾಲ್ಕು ವರ್ಷಕ್ಕೊಮ್ಮೆ ಪೆಟ್ಟು ತಿಂದು, ಪ್ರತಿ ಪೆಟ್ಟಿನಿಂದ ಏಳುವುದಕ್ಕೆ ಎರಡು ಮೂರು ವರ್ಷ ಬೇಕಾದರೆ ನೆಟ್ಟಗೆ ನಿಲ್ಲುವ ವರ್ಷ ಯಾವುದು? ನಮ್ಮ ಆಫೀಸಿನಲ್ಲಿ ಸರ್ವರ್‌ಗೆ ಶೇ. 99.9 ಅಪ್‌ಟೈಮ್ ಅಂತ ಕರಾರು ಇರುತ್ತದೆ, ಶೇ. 75 ಅಂದವನನ್ನು ಮೀಟಿಂಗಿನಿಂದಲೇ ಎಬ್ಬಿಸಿ ಕಳಿಸುತ್ತಾರೆ. ಗದ್ದೆಗೆ ಹೊಲಿದ ಅಂಗಿಯನ್ನು ತೋಟಕ್ಕೆ ತೊಡಿಸಿದ್ದೇವೆ ಅನ್ನುವುದು ನನ್ನ ಮುಖ್ಯ ತಕರಾರು.

ಗದ್ದೆ ಅಂದಾಗ ಒಂದು ಹಳೆಯ ಸಂಗತಿ ಹೇಳಬೇಕು. ತುಳುನಾಡಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಅಂತ ಮೂರು ಭತ್ತದ ಬೆಳೆ. ಏಣೆಲಿಗೆ ಮಳೆಯೇ ಸಾಕು. ಸುಗ್ಗಿ, ಕೊಳಕೆಗಾಗಿ ತೋಡುಗಳಿಗೆ ಕಟ್ಟ ಹಾಕುತ್ತಿದ್ದರು. ಕಲ್ಲು, ಮಣ್ಣು, ಅಡಿಕೆ ಮರದ ತುಂಡು, ಸೊಪ್ಪು. ವರ್ಷ ವರ್ಷ ಕಟ್ಟುವುದು, ಮಳೆಗಾಲದಲ್ಲಿ ಅದು ಕೊಚ್ಚಿಹೋಗುವುದು. ಅಜ್ಜನ ಕಾಲದ ಕಟ್ಟದ ಬಗ್ಗೆ ಮನೆಯಲ್ಲಿ ಹೇಳುವಾಗ ಎಲ್ಲರೂ ಸ್ವಲ್ಪ ಭಾವುಕರಾಗುತ್ತಾರೆ, ನನಗೆ ಆ ಭಾವುಕತೆ ಬೇಡ. ಹತ್ತು ಹನ್ನೆರಡು ಜನ ಒಂದು ವಾರ ಸೊಂಟದ ಮಟ್ಟ ನೀರಿನಲ್ಲಿ ನಿಂತು ಮಾಡುವ ಕೆಲಸ ಅದು, ಈಗ ಅಷ್ಟು ಜನ ಎಲ್ಲಿದ್ದಾರೆ? ರಾತ್ರಿ ಹೋಗಿ ಮೇಲಿನವರ ಕಟ್ಟ ಒಡೆದ ಕಥೆಗಳೂ ಪ್ರತಿ ಊರಿನಲ್ಲಿವೆ. ಆದರೆ ಕಟ್ಟದಲ್ಲಿ ಒಂದು ವಿಷಯ ತಾನಾಗಿ ಇತ್ತು. ಯಾರ ಗದ್ದೆಗೆ ನೀರು ಹೋಗುತ್ತದೋ ಅವರದ್ದೇ ಆಳು. ಕೆಲಸಕ್ಕೆ ಎಷ್ಟು ಮನೆಯಿಂದ ಜನ ಬಂದರು ಅನ್ನುವುದರಲ್ಲೇ ಬೇಡಿಕೆಯ ಲೆಕ್ಕ ಸಿಕ್ಕಿಬಿಡುತ್ತಿತ್ತು. ಹೊಸ ಗದ್ದೆ ಮಾಡಿದವನು ಎಲ್ಲರಿಗೂ ಕಾಣುತ್ತಿದ್ದ. ಕಟ್ಟ ತೆಗೆದು ಕಾಂಕ್ರೀಟು ಹಾಕಿದಾಗ ನಾವು ಗೋಡೆಯನ್ನು ಗಟ್ಟಿ ಮಾಡಿದೆವು, ಈ ಲೆಕ್ಕವನ್ನು ಹೊಳೆಗೆ ಬಿಟ್ಟೆವು. ಗಡಿಯಾಚೆ ಕಾಸರಗೋಡಿನ ಏತಡ್ಕದಲ್ಲಿ ಒಂದೇ ತೋಡಿಗೆ ಸಾಲಾಗಿ ಕಟ್ಟ ಹಾಕುವ ಪದ್ಧತಿ ಇದೆ. ಒಂದರ ಬಾಲಕ್ಕೆ ಇನ್ನೊಂದು. ದೊಡ್ಡದೊಂದನ್ನು ಕಟ್ಟುವ ಬದಲು ಸಣ್ಣ ಹಲವನ್ನು ಕಟ್ಟಿದರೆ ತೋಡಿನ ಉದ್ದಕ್ಕೂ ಬಾವಿಗಳಿಗೆ ನೀರು ಇಳಿಯುತ್ತದೆ. ಪುತ್ತೂರಿನಿಂದ ಹೊರಡುವ 'ಅಡಿಕೆ ಪತ್ರಿಕೆ'ಯ ಶ್ರೀ ಪಡ್ರೆಯವರು ದಶಕಗಳಿಂದ ಮಳೆನೀರಿನ ಬಗ್ಗೆ ಬರೆಯುತ್ತಲೇ ಇದ್ದಾರೆ. ನಾವು ಓದಿ ತಲೆಯಾಡಿಸಿ ಅದನ್ನು ರದ್ದಿಗೆ ಹಾಕುತ್ತಲೇ ಇದ್ದೇವೆ.

ಹಲಗೆ ಹಾಕುವ ದಿನದ ವಿಷಯ ಬರೆದರೆ ಒಂದು ಪುಸ್ತಕ ಆಗುತ್ತದೆ. ಬೇಗ ಹಾಕಿದರೆ ನವೆಂಬರಿನ ಸೈಕ್ಲೋನ್ ಮಳೆಗೆ ನೆರೆ ಬಂದು ಹಲಗೆ ಮುರಿಯಬಹುದು. ತಡವಾದರೆ ನಿಲ್ಲಿಸುವುದಕ್ಕೆ ಹರಿವೇ ಇರುವುದಿಲ್ಲ. ಒಂದು ವರ್ಷ ನಮ್ಮಲ್ಲಿ ಹಲಗೆ ಬಿದ್ದದ್ದು ಜನವರಿ ಎರಡನೇ ವಾರ. ಯಾರು ಹಾಕಬೇಕು, ದುಡ್ಡು ಯಾವ ಲೆಕ್ಕದಿಂದ, ಹಳೆಯ ಹಲಗೆ ಯಾರ ಶೆಡ್ಡಿನಲ್ಲಿದೆ ಅನ್ನುವುದು ಇತ್ಯರ್ಥ ಆಗುವುದಕ್ಕೆ ಅಷ್ಟು ದಿನ ಹಿಡಿಯಿತು. ಅಪ್ಪ ಮತ್ತು ಆಚೆ ಮನೆಯ ಅಣ್ಣ ಎರಡು ಸಲ ಹೋಗಿ ಸಂಬಂಧಪಟ್ಟವರನ್ನು ಕಂಡರು, "ನೋಡುವ, ಮಾಡುವ" ಅಂತ ಹೇಳಿಸಿಕೊಂಡು ಬಂದರು. ಆ ವರ್ಷ ಕೆರೆಯ ಹಾಗೆ ತುಂಬಬೇಕಿದ್ದದ್ದು ಅರ್ಧಕ್ಕೆ ನಿಂತಿತು. ಅಣೆಕಟ್ಟಿನ ಸಾಮರ್ಥ್ಯ ಬೋರ್ಡಿನಲ್ಲಿ ಮಾತ್ರ ಅಷ್ಟೇ ಇತ್ತು.

ಸಣ್ಣ ಅಣೆಕಟ್ಟಿನದ್ದು ಮಾತ್ರ ಇದಲ್ಲ ಅನ್ನುವುದಕ್ಕೆ ತುಂಗಭದ್ರಾ ನೋಡಿ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದ ನೀರನ್ನು ಹೊಳೆಗೆ ಬಿಟ್ಟು, ಮಟ್ಟ ಇಳಿಸಿ, ಒಂದು ವಾರ ಒದ್ದಾಡಿ ತಾತ್ಕಾಲಿಕ ಗೇಟು ಕೂರಿಸಿದರು. ಹೂಳಿನಿಂದ ಸಾಮರ್ಥ್ಯ ಕಮ್ಮಿಯಾದದ್ದನ್ನು ನಾವು ವರ್ಷಗಟ್ಟಲೆ ಚರ್ಚೆ ಮಾಡಿದ್ದೆವು, ಚೈನ್ ಬಗ್ಗೆ ಯಾರು ಮಾತಾಡಿದ್ದರು?

ವಿಶ್ವೇಶ್ವರಯ್ಯನವರ ವಿಷಯದಲ್ಲೂ ನಾವು ಮಾಡುವುದು ಇದನ್ನೇ. ಕೆಆರ್‌ಎಸ್ ಕಟ್ಟಿದವರು ಅಂತ ಪ್ರತಿ ಸೆಪ್ಟೆಂಬರ್ 15ಕ್ಕೆ ಹಾರ ಹಾಕುತ್ತೇವೆ. ಮುಂಬೈ ಪ್ರಾಂತ್ಯದಲ್ಲಿದ್ದಾಗ ನೀರಾ ಕಾಲುವೆಯಲ್ಲಿ ಅವರು ತಂದ ಬ್ಲಾಕ್ ಪದ್ಧತಿಯ ಬಗ್ಗೆ ಮಾತಾಡುವವರು ಕಮ್ಮಿ. ಅಲ್ಲಿನ ರೈತರು ನೀರು ಹೆಚ್ಚು ಕುಡಿಯುವ ಕಬ್ಬನ್ನು ಮನಸ್ಸಿಗೆ ಬಂದಲ್ಲಿ ಹಾಕುತ್ತಿದ್ದರು. ಇವರು ಜಮೀನನ್ನು ಬ್ಲಾಕ್ ಮಾಡಿ, ಇಷ್ಟು ಭಾಗಕ್ಕೆ ಕಬ್ಬು, ಉಳಿದದ್ದಕ್ಕೆ ಕಮ್ಮಿ ನೀರಿನ ಬೆಳೆ, ವರ್ಷಗಳ ಲೆಕ್ಕದಲ್ಲಿ ಸರದಿ ಅಂತ ಮಾಡಿದರು. ಜಲಾಶಯ ಅಷ್ಟೇ, ನೀರು ತಲುಪುವ ಹಳ್ಳಿ ಹೆಚ್ಚು. ಮೊದಮೊದಲು ರೈತರಿಗೆ ಸಿಟ್ಟು ಬಂದಿತ್ತು. ಬಾರದೆ ಇರುತ್ತದಾ?

ಕೆಳಗಡೆ ನಗರವೂ ಇದೆ. ಮಂಗಳೂರು ಕುಡಿಯುವುದು ತುಂಬೆಯ ಅಣೆಕಟ್ಟಿನ ನೇತ್ರಾವತಿಯನ್ನು. 2016 ಮತ್ತು 2019ರ ಬೇಸಿಗೆಯಲ್ಲಿ ಅಲ್ಲಿ ನೀರಿಗೆ ರೇಷನ್ ಆಯಿತು. ಪುತ್ತೂರು ಪೇಟೆಯ ನೀರೂ ಉಪ್ಪಿನಂಗಡಿ ಹತ್ತಿರದ ನೆಕ್ಕಿಲಾಡಿಯಲ್ಲಿ ಕುಮಾರಧಾರಾದಿಂದ ಎತ್ತಿದ್ದು. ಕುಡಿಯುವ ನೀರಿಗೆ ಮೊದಲ ಆದ್ಯತೆ, ಆಮೇಲೆ ನೀರಾವರಿ, ಇದು ರಾಷ್ಟ್ರೀಯ ಜಲನೀತಿಯಲ್ಲೇ ಬರೆದದ್ದು, ಬರೆಯದಿದ್ದರೂ ಸರಿಯಾದದ್ದು. ಆದರೆ ಇದರ ಅರ್ಥ ಏನೆಂದರೆ ಕೆಟ್ಟ ವರ್ಷದಲ್ಲಿ ಹೊಳೆಯ ನೀರನ್ನು ನಂಬಿದ ತೋಟ ಸಾಲಿನಲ್ಲಿ ಹಿಂದೆ ನಿಲ್ಲಬೇಕು. ಆ ವರ್ಷಕ್ಕಾಗಿ ತೋಟದೊಳಗೇ ಒಂದಿಷ್ಟು ನೀರು ಬೇರೆಯಾಗಿ ಇರಬೇಕು. ಮಳೆಗೇನು ಬರ ಇಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಅಂತ ಹಿಡಿದರೂ ಒಂದು ಎಕರೆ ಮೇಲೆ 1.4 ಕೋಟಿ ಲೀಟರ್ ಬೀಳುತ್ತದೆ. ಅದೇ ಎಕರೆಯ ಅಡಿಕೆಗೆ 150 ದಿನದ ಹನಿ ನೀರಾವರಿಗೆ ಬೇಕಾದ್ದು ಹದಿನಾರೂವರೆ ಲಕ್ಷ ಲೀಟರ್. ಎಂಟರಲ್ಲಿ ಒಂದು ಪಾಲೂ ಅಲ್ಲ. ಉಳಿದ ಏಳು ಪಾಲು ಮುರಕಲ್ಲಿನ ಗುಡ್ಡದಲ್ಲಿ ಸೋರಿ, ತೋಡು ಸೇರಿ, ಸಮುದ್ರಕ್ಕೆ. ಗುಡ್ಡದ ಮೇಲೆ ಮದಕಗಳಿದ್ದವು, ಮಳೆನೀರು ನಿಲ್ಲುವ ಕೆರೆಗಳು. ಎಷ್ಟೋ ಕಡೆ ಈಗ ಅಲ್ಲಿ ರಬ್ಬರ್ ಇದೆ.

ಎತ್ತಿನಹೊಳೆ ವಿಷಯದಲ್ಲಿ ನಾವೆಲ್ಲ ಪೋಸ್ಟ್ ಹಾಕಿದವರು, ನಾನೂ. ಯೋಜನೆಯ ಲೆಕ್ಕದಲ್ಲಿ 24 ಟಿಎಂಸಿ, ಬೆಂಗಳೂರಿನ ಐಐಎಸ್‌ಸಿ ವಿಜ್ಞಾನಿಗಳ ಲೆಕ್ಕದಲ್ಲಿ ಅಲ್ಲಿ ಹತ್ತು ಟಿಎಂಸಿಯೂ ಇಲ್ಲ. ಆ ಜಗಳ ಸರಿಯಾದ ಜಗಳ, ಬೇಕಾದ್ದು. ಆದರೆ ನನ್ನ ಲೆಕ್ಕದ ಕಿಂಡಿ ಅಣೆಕಟ್ಟಿನಲ್ಲಿರುವುದು ಆ 24 ಟಿಎಂಸಿಯ ಹತ್ತು ಸಾವಿರದಲ್ಲಿ ಒಂದು ಪಾಲು. ಆ ಒಂದು ಪಾಲು ಯಾರಿಗೆ ಎಷ್ಟು ಅಂತ ನಮ್ಮ ನಮ್ಮಲ್ಲೇ ಕೂತು ಮಾತಾಡಿದ್ದನ್ನು ನಾನು ಒಂದು ಸಲವೂ ಕಂಡಿಲ್ಲ. ಸರ್ಕಾರದ ಅಂಕಿ ಸುಳ್ಳು ಅನ್ನುವುದು ಸುಲಭ. ನಮ್ಮ ಪಂಪಿನ ಅಂಕಿ ಹೇಳು ಅಂದರೆ ಕಷ್ಟ. ಹತ್ತು ಎಚ್‌ಪಿವರೆಗೆ ಕರೆಂಟು ಉಚಿತ, ಹಾಗಾಗಿ ಬಿಲ್ಲು ನೋಡಿ ತಿಳಿದುಕೊಳ್ಳುವ ದಾರಿಯೂ ಇಲ್ಲ.

ಅಪ್ಪನ ಹತ್ತಿರ ಇದನ್ನೆಲ್ಲ ಹೇಳಿದೆ. ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು.

"ನಿನ್ನ ಲೆಕ್ಕದಲ್ಲಿ ನೂರು ಎಕರೆ ಅಂತ ಹಿಡಿದದ್ದಲ್ವಾ? ಈಗ ಅಷ್ಟು ಅಲ್ಲ, ಜಾಸ್ತಿ ಉಂಟು."

"ಜಾಸ್ತಿ ಹೇಗೆ?"

"ಅಣೆಕಟ್ಟು ಆದ ಮೇಲೆ ಎಲ್ಲರೂ ಗುಡ್ಡೆಗೂ ಹಾಕಿದ್ರಲ್ಲ."

ಎಲ್ಲರೂ ಅಂದರೆ ನಾವೂ. ಅಣೆಕಟ್ಟು ಬಂದ ಮರುವರ್ಷ ಮನೆ ಹಿಂದಿನ ಗೇರು ಗುಡ್ಡ ಜೆಸಿಬಿಯಲ್ಲಿ ತಟ್ಟು ಮಾಡಿಸಿ ಮುನ್ನೂರು ಅಡಿಕೆ ಗಿಡ ಇಟ್ಟದ್ದು ನನಗೆ ಗೊತ್ತು, ಅದಕ್ಕೆ ಅರ್ಧ ದುಡ್ಡು ಕಳಿಸಿದ್ದು ನಾನೇ. ರೇಟು ಒಳ್ಳೆಯದಿತ್ತು, ನೀರು ಇದೆ ಅಂತ ಕಾಣುತ್ತಿತ್ತು. ನೂರು ಎಕರೆ ನೂರಮೂವತ್ತು ಆದರೆ ಮೂವತ್ತು ದಿನ ಇಪ್ಪತ್ತಮೂರು ಆಗುತ್ತದೆ. ನೀರು ಹೆಚ್ಚಿಸಿದ ಹಾಗೆ ಅದನ್ನು ನಂಬಿ ಬೇಡಿಕೆಯೂ ಬೆಳೆಯುತ್ತದೆ, ಆಮೇಲೆ ಬರುವ ಬರ ಮೊದಲಿನದಕ್ಕಿಂತ ಹೆಚ್ಚು ನೋಯಿಸುತ್ತದೆ ಅಂತ ಜಲವಿಜ್ಞಾನಿಗಳು ಜಗತ್ತಿನ ದೊಡ್ಡ ದೊಡ್ಡ ಜಲಾಶಯಗಳ ಬಗ್ಗೆ ಬರೆದಿದ್ದಾರೆ. ನಮ್ಮ ಮನೆ ಹಿಂದೆ ಅದಕ್ಕೆ ಮುನ್ನೂರು ಸಾಕ್ಷಿಗಳು ನಿಂತಿವೆ.

ಹಾಗಾಗಿ ಬೋರ್ಡಿನ ಮೇಲಿನ ನನ್ನ ತಕರಾರು ಅರ್ಧ ನಮ್ಮ ಮೇಲೂ ಬೀಳುತ್ತದೆ. ಇಂತಿಷ್ಟು ತೋಟಕ್ಕೆ, ಇಂಥ ಪದ್ಧತಿಯಲ್ಲಿ, ಇಂಥ ದಿನದವರೆಗೆ, ಹತ್ತರಲ್ಲಿ ಇಷ್ಟು ವರ್ಷ ಅಂತ ಬೋರ್ಡಿನಲ್ಲಿ ಬರೆದಿದ್ದರೆ ನಾನು ಆ ದುಡ್ಡು ಕಳಿಸುತ್ತಿದ್ದೆನಾ? ಬಹುಶಃ ಆಗಲೂ ಕಳಿಸುತ್ತಿದ್ದೆ. ಆದರೆ ಪಕ್ಕದವರು ಬಂದು ಬೋರ್ಡು ತೋರಿಸಿ ಕೇಳಬಹುದಿತ್ತು, ಈಗ ಕೇಳುವುದಕ್ಕೆ ಅವರ ಕೈಯಲ್ಲಿ ಏನೂ ಇಲ್ಲ.

ಈ ವರ್ಷ ಆಚೆ ಮನೆಯ ಅಣ್ಣ ಒಂದು ಕೆಲಸ ಮಾಡಿದರು. ಅಣೆಕಟ್ಟಿನ ಕಂಬಕ್ಕೆ ಪೈಂಟಿನಲ್ಲಿ ಅರ್ಧ ಅರ್ಧ ಅಡಿಗೆ ಗೆರೆ ಎಳೆದು, ವಾಟ್ಸಪ್ಪಿನಲ್ಲಿ ಗ್ರೂಪ್ ಮಾಡಿ, ಭಾನುವಾರ ಭಾನುವಾರ ಫೋಟೋ ಹಾಕುತ್ತಿದ್ದಾರೆ. ನನ್ನನ್ನೂ ಸೇರಿಸಿದ್ದಾರೆ. ಫೆಬ್ರವರಿಯವರೆಗೆ ಎಲ್ಲರೂ ಕೈಮುಗಿಯುವ ಇಮೋಜಿ ಹಾಕುತ್ತಿದ್ದರು. ಮಾರ್ಚ್ ಮೂರನೇ ವಾರ ನಾಲ್ಕು ಗೆರೆ ಇಳಿದಾಗ ಅಣ್ಣ ಬರೆದರು, ಇನ್ನು ಮೇಲಿನ ದಡದವರು ಒಂದು ದಿನ, ಕೆಳಗಿನವರು ಒಂದು ದಿನ ಪಂಪು ಹಾಕಿದರೆ ಹೇಗೆ? ಎರಡು ದಿನ ಯಾರೂ ಏನೂ ಬರೆಯಲಿಲ್ಲ. ಇಬ್ಬರು ಗ್ರೂಪಿನಿಂದ ಹೊರಗೆ ಹೋದರು. ಅಪ್ಪ ಮೂರನೇ ದಿನ "ಆಗಬಹುದು" ಅಂತ ಹಾಕಿದರು, ಆಮೇಲೆ ಇನ್ನೂ ಏಳು ಜನ ಹಾಕಿದರು.

ಗುಡ್ಡೆಯ ಮುನ್ನೂರು ಗಿಡ ಆ ಸರದಿಯಲ್ಲಿ ಸೇರಿದೆಯಾ ಅಂತ ಫೋನಿನಲ್ಲಿ ಕೇಳಿದೆ.

"ಅದು ಬೇರೆ ಲೈನು ಮಾರಾಯ್ತಿ," ಅಂದರು, "ನೀನು ಯಾವಾಗ ಬರ್ತಿ ಹೇಳು."